ಕಣ್ಣಿಗೆ ಹಾಕಿದ ಹನಿ, ಎದೆಯಲ್ಲಿ ಕಟ್ಟಿದ ಉಸಿರು: ಮಾಟುಂಗಾದ ಒಂದು ಪ್ರಕರಣ

ಉಬ್ಬಸ ಏರಿದವರ ನಾಡಿ ಓಡುತ್ತಿರುತ್ತದೆ. ಉಸಿರಿಗಾಗಿ ಹೆಣಗುವ ದೇಹ ಅಡ್ರಿನಲಿನ್ ಅನ್ನು ಧಾರಾಳವಾಗಿ ರಕ್ತಕ್ಕೆ ಬಿಡುವುದರಿಂದ ಹೃದಯ ನಿಮಿಷಕ್ಕೆ 110 ಅಥವಾ 120 ಬಾರಿ ಬಡಿಯುವುದು ಸಾಮಾನ್ಯ. ಆದರೆ ಅಕ್ಟೋಬರ್ ತಿಂಗಳ ಒಂದು ರಾತ್ರಿ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಎರಡೂ ಕೈಗಳನ್ನು ಊರಿ, ಮುಂದಕ್ಕೆ ಬಾಗಿ, ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಹೇಳುತ್ತಿದ್ದ ರೋಗಿಯ ನಾಡಿ ನಿಮಿಷಕ್ಕೆ 54 ಇತ್ತು. ತಪ್ಪು ಎಣಿಸಿದೆನೆಂದು ಮತ್ತೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸಿದೆ, ಮತ್ತೆ 54. ಪ್ರಕರಣದ ಉತ್ತರ ಆ ಅಂಕಿಯಲ್ಲಿಯೇ ಇತ್ತು. ಅದನ್ನು ನಾನು ಕೂಡಲೇ ಓದಲಿಲ್ಲ.

ರೋಗಿಯನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ವಯಸ್ಸು 58. ಉಡುಪಿಯ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಈಗ ಮಾಟುಂಗಾ ಪೂರ್ವದಲ್ಲಿ ತಮ್ಮದೇ ಸಣ್ಣ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಉಬ್ಬಸ ಚಿಕ್ಕಂದಿನಿಂದಲೂ ಇತ್ತು, ಆದರೆ ಸೌಮ್ಯವಾದದ್ದು: ವರ್ಷಕ್ಕೆ ನಾಲ್ಕೈದು ಬಾರಿ, ಹೆಚ್ಚಾಗಿ ಮಳೆ ಹಿಡಿದ ದಿನಗಳಲ್ಲಿ ಎದೆ ಬಿಗಿಯುತ್ತಿತ್ತು, ನೀಲಿ ಪಂಪನ್ನು ಎರಡು ಸಲ ಎಳೆದುಕೊಂಡರೆ ಹತ್ತು ನಿಮಿಷದೊಳಗೆ ಸಡಿಲವಾಗುತ್ತಿತ್ತು. ಆ ಪಂಪಿನಲ್ಲಿರುವ ಮದ್ದು ಸಾಲ್ಬ್ಯುಟಮಾಲ್, ಒಂದು ಎಳೆತಕ್ಕೆ 100 ಮೈಕ್ರೊಗ್ರಾಂ.

ನವರಾತ್ರಿ ಕಳೆದ ವಾರ ಅವರು ಮೊದಲ ಸಲ ಬಂದಾಗ ಹೇಳಿದ್ದು, ಹದಿನೈದು ದಿನಗಳಿಂದ ಬೆಳಿಗ್ಗೆ ಮತ್ತು ರಾತ್ರಿ ಎದೆ ಹಿಡಿಯುತ್ತಿದೆ, ಪಂಪ್ ಮೊದಲಿನಂತೆ ಕೆಲಸ ಮಾಡುತ್ತಿಲ್ಲ ಎಂದು. ಊದುಮಾಪಕದಲ್ಲಿ ಊದಿಸಿ ನೋಡಿದರೆ, ಯಾವಾಗಲೂ ನಿಮಿಷಕ್ಕೆ 420 ಲೀಟರ್ ತೋರಿಸುತ್ತಿದ್ದವರು 280ಕ್ಕೆ ಇಳಿದಿದ್ದರು. ಪಕ್ಕದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದ ಧೂಳು ಮತ್ತು ಅಡುಗೆಮನೆಯ ಒಗ್ಗರಣೆಯ ಹೊಗೆ ಇವೆರಡರ ಮೇಲೆ ಅವರಿಗೂ ಅನುಮಾನ, ನನಗೂ ಅನುಮಾನ. ಹೊಸ ಮದ್ದು ಏನಾದರೂ ಶುರುವಾಗಿದೆಯೇ ಎಂದು ಕೇಳಿದೆ, ಇಲ್ಲವೆಂದರು. ಪಂಪಿನ ಎಳೆತಗಳನ್ನು ನಾಲ್ಕಕ್ಕೆ ಏರಿಸಿ, ಸ್ಟಿರಾಯ್ಡ್ ಇರುವ ಇನ್ನೊಂದು ಪಂಪನ್ನು ಬರೆದು ಕಳುಹಿಸಿದೆ. ನಾಲ್ಕನೆಯ ದಿನದ ರಾತ್ರಿ ಒಂಬತ್ತಕ್ಕೆ ಅವರನ್ನು ಹೆಂಡತಿ ಮತ್ತು ಹೋಟೆಲಿನ ಹುಡುಗ ಇಬ್ಬರೂ ಹಿಡಿದುಕೊಂಡು ಬಂದರು.

ರಕ್ತದ ಆಮ್ಲಜನಕ 90 ಪ್ರತಿಶತ ಇತ್ತು. ಆಮ್ಲಜನಕ ಕೊಟ್ಟು, ಸಾಲ್ಬ್ಯುಟಮಾಲನ್ನು ನೆಬ್ಯುಲೈಸರಿನಲ್ಲಿ, ಅಂದರೆ ಮದ್ದನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರದಲ್ಲಿ, ಕೊಟ್ಟೆವು. ಹದಿನೈದು ನಿಮಿಷದ ನಂತರವೂ ಎದೆಯ ಸಿಳ್ಳೆ ಹಾಗೆಯೇ ಇತ್ತು, ನಾಡಿ 58. ಆಗ ಅವರ ಹೆಂಡತಿ, ಗಂಡನ ಕೈಯನ್ನೇ ನೋಡುತ್ತ, ಒಂದು ಮಾತು ಹೇಳಿದರು: “ಡಾಕ್ಟ್ರೇ, ಮೊದಲೆಲ್ಲ ಪಂಪ್ ತಗೊಂಡ ಮೇಲೆ ಇವರ ಕೈ ನಡುಗ್ತಿತ್ತು, ಗಲ್ಲಾದಲ್ಲಿ ನೋಟು ಎಣಿಸ್ಲಿಕ್ಕೆ ಆಗ್ತಿರ್ಲಿಲ್ಲ. ಈಗ ಇಷ್ಟು ಮದ್ದು ಎಳೆದ್ರೂ ಅದಿಲ್ಲ.”

ವೈದ್ಯನಾದ ನಾನು ಗಮನಿಸಬೇಕಾಗಿದ್ದನ್ನು ಅವರು ಗಮನಿಸಿದ್ದರು. ಸಾಲ್ಬ್ಯುಟಮಾಲ್ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವುದು ಯಾವ ಗ್ರಾಹಕದ, ಅಂದರೆ ಸಂಕೇತದ ಅಣುವನ್ನು ಹಿಡಿಯುವ ಕೋಶದ ಪ್ರೋಟೀನಿನ, ಮೂಲಕವೋ, ಕೈಯ ಸ್ನಾಯುಗಳಲ್ಲಿ ನಡುಕ ಹುಟ್ಟಿಸುವುದೂ ಅದೇ ಬಗೆಯ ಗ್ರಾಹಕದ ಮೂಲಕ. ಉಸಿರೂ ಬಿಡಿಸಿಕೊಳ್ಳದೆ, ಕೈಯೂ ನಡುಗದೆ, ನಾಡಿಯೂ ಏರದೆ ಇದ್ದರೆ ಮದ್ದು ಶ್ವಾಸಕೋಶದಲ್ಲಿ ಮಾತ್ರ ಸೋತಿಲ್ಲ, ದೇಹದ ಎಲ್ಲ ಕಡೆಯೂ ಅದರ ಜಾಗವನ್ನು ಬೇರೆ ಯಾವುದೋ ಹಿಡಿದು ಕೂತಿದೆ ಎಂದೇ ಅರ್ಥ. “ಇವರು ಬೇರೆ ಏನನ್ನಾದರೂ ಬಳಸುತ್ತಿದ್ದಾರೆಯೇ? ಗುಳಿಗೆ ಅಂತಲ್ಲ, ಎಣ್ಣೆ, ಮುಲಾಮು, ಹನಿ, ಏನಾದರೂ” ಎಂದು ಕೇಳಿದಾಗ ಅವರು ಕೈಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ಮೂರು ವಾರದ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಗ್ಲಾಕೋಮಾ, ಅಂದರೆ ಕಣ್ಣಿನ ನರವನ್ನು ಕೆಡಿಸುವ ಕಾಯಿಲೆ, ಇದೆಯೆಂದು ಗೊತ್ತಾಗಿ ಕೊಟ್ಟ ಹನಿ: ಟಿಮೊಲಾಲ್, 0.5 ಪ್ರತಿಶತ, ಎರಡೂ ಕಣ್ಣಿಗೆ ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ. “ಕಣ್ಣಿಗೆ ಬಿಡುದು ಮದ್ದಾ ಡಾಕ್ಟ್ರೇ? ಅದಕ್ಕೇ ಹೇಳ್ಲಿಲ್ಲ” ಎಂದರು ರಾಯರು, ಉಸಿರಿನ ನಡುವೆ. ಕಣ್ಣಿನ ವೈದ್ಯರು ಬೇರೆ ಕಾಯಿಲೆ ಇದೆಯೇ ಎಂದು ಕೇಳಿದ್ದಾಗಲೂ, ಆರು ತಿಂಗಳಿಂದ ಸುಮ್ಮನಿದ್ದ ಉಬ್ಬಸವನ್ನು ಅವರು ಕಾಯಿಲೆಯೆಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದಿನ ಚಿಕಿತ್ಸೆ ಬೇರೆ ದಾರಿಯಲ್ಲಿ ನಡೆಯಿತು. ಇಪ್ರಟ್ರೋಪಿಯಂ 500 ಮೈಕ್ರೊಗ್ರಾಂ ನೆಬ್ಯುಲೈಸರಿನಲ್ಲಿ, ಹೈಡ್ರೊಕಾರ್ಟಿಸೋನ್ ರಕ್ತನಾಳಕ್ಕೆ, ಹತ್ತಿರದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮತ್ತು ಒಂದು ಹಗಲು. ಇಪ್ರಟ್ರೋಪಿಯಂ ಕೊಟ್ಟ ಅರ್ಧ ಗಂಟೆಯಲ್ಲಿ ರಾಯರು ಒಂದು ಪೂರ್ಣ ವಾಕ್ಯ ಆಡಿದರು.

ಗ್ರಾಹಕ ಎಂದರೆ ಏನನ್ನು ಗ್ರಹಿಸುತ್ತದೆ

ಜೀವಕೋಶದ ಹೊರಗೆ ಬಂದು ನಿಂತ ಸಂಕೇತದ ಅಣುವನ್ನು ಹಿಡಿದು, ಆ ಸುದ್ದಿಯನ್ನು ಒಳಗೆ ಮುಟ್ಟಿಸುವ ಪ್ರೋಟೀನಿಗೆ ನಾವು ಗ್ರಾಹಕ ಎನ್ನುತ್ತೇವೆ. ಗಿರಾಕಿ ಎಂಬ ಅರ್ಥವನ್ನು ಬದಿಗಿಟ್ಟು ನೋಡಿದರೆ ಇದು ಬಹಳ ಒಳ್ಳೆಯ ಪದ. ಗ್ರಹಿಸು ಎಂಬ ಕ್ರಿಯಾಪದಕ್ಕೆ ಹಿಡಿ ಎಂಬ ಅರ್ಥವೂ ಇದೆ, ತಿಳಿ ಎಂಬ ಅರ್ಥವೂ ಇದೆ. ಗ್ರಾಹಕದ ಮಟ್ಟದಲ್ಲಿ ಈ ಎರಡೂ ಬೇರೆ ಬೇರೆ ಕೆಲಸಗಳಲ್ಲ. ಅದು ಮೊದಲು ಗುರುತಿಸಿ ಅನಂತರ ಹಿಡಿಯುವುದಿಲ್ಲ. ಹಿಡಿತ ಕೂಡಿಬಂದರೆ ಅದೇ ಗುರುತು, ಕೂಡಿಬರದಿದ್ದರೆ ಅಣು ಕ್ಷಣದಲ್ಲಿ ಜಾರಿ ಹೋಗುತ್ತದೆ.

ಇಂತಹ ವಸ್ತುವೊಂದು ಕೋಶದ ಮೇಲಿರಬೇಕು ಎಂದು 1905ರಲ್ಲಿ ಇಂಗ್ಲೆಂಡಿನ ಜಾನ್ ಲ್ಯಾಂಗ್ಲಿ ಊಹಿಸಿದಾಗ ಅದನ್ನು ಯಾರೂ ಕಂಡಿರಲಿಲ್ಲ. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, ಅಡ್ರಿನಲಿನ್ ಮತ್ತು ಅದರ ಹತ್ತಿರದ ಅಣುಗಳು ಬೇರೆ ಬೇರೆ ಅಂಗಾಂಶಗಳಲ್ಲಿ ತೋರುವ ಬಲದ ಅನುಕ್ರಮವನ್ನು ಹೋಲಿಸಿ, ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆ ಎಂದು ವಾದಿಸಿದರು. 1967ರಲ್ಲಿ ಬೀಟಾದಲ್ಲಿಯೂ ಎರಡು ಬಗೆಗಳು ಬೇರ್ಪಟ್ಟವು: ಹೃದಯದಲ್ಲಿ ಮೇಲುಗೈಯಾಗಿರುವ ಬೀಟಾ-1, ಶ್ವಾಸನಾಳದಲ್ಲಿ ಮೇಲುಗೈಯಾಗಿರುವ ಬೀಟಾ-2. 1986ರಲ್ಲಿ ಬೀಟಾ-2ರ ಜೀನ್ ಕೈಗೆ ಸಿಕ್ಕಿತು, 2007ರಲ್ಲಿ ಅದರ ಮೂರು ಆಯಾಮದ ರಚನೆ ಕಣ್ಣಿಗೆ ಬಿತ್ತು. ಈ ಸಾಧನೆಗಾಗಿ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ನಮ್ಮ ಪ್ರಕರಣಕ್ಕೆ ಇವೆಲ್ಲಕ್ಕಿಂತ ಹತ್ತಿರವಾದದ್ದು 2008ರಲ್ಲಿ ಪ್ರಕಟವಾದ ಇನ್ನೊಂದು ರಚನೆ. ಮನುಷ್ಯನ ಬೀಟಾ-2 ಗ್ರಾಹಕದ ಗೂಡಿನಲ್ಲಿ ಟಿಮೊಲಾಲ್ ಅಣು ಕೂತಿರುವ ಭಂಗಿಯೇ ಅದರಲ್ಲಿ ಕಾಣುತ್ತದೆ. ರಾಯರ ಶ್ವಾಸನಾಳದಲ್ಲಿ ನಡೆದದ್ದರ ಚಿತ್ರ ಎಂದೇ ನಾನು ಅದನ್ನು ನೋಡುತ್ತೇನೆ.

413 ಅಮೈನೋ ಆಮ್ಲಗಳ ಸರಪಳಿಯೊಂದು ಕೋಶದ ಪೊರೆಯನ್ನು ಏಳು ಸಲ ಹೊಕ್ಕು ಹೊರಬಂದು ಏಳು ಸುರುಳಿಗಳಾಗಿ ನಿಂತಿದೆ. ಆ ಸುರುಳಿಗಳ ನಡುವೆ, ಹೊರಮುಖಕ್ಕೆ ತೆರೆದ ಒಂದು ಗೂಡು. ಅಡ್ರಿನಲಿನ್ ಅಣುವಿನ ಒಂದು ತುದಿಯಲ್ಲಿ ಧನ ಆವೇಶ ಹೊತ್ತ ಸಾರಜನಕವಿದೆ. ಗೂಡಿನ ಮೂರನೆಯ ಸುರುಳಿಯಲ್ಲಿ, 113ನೆಯ ಸ್ಥಾನದಲ್ಲಿ, ಋಣ ಆವೇಶ ಹೊತ್ತ ಆಸ್ಪಾರ್ಟಿಕ್ ಆಮ್ಲ ಅದಕ್ಕಾಗಿ ಕಾದಿದೆ. ಅಣುವಿನ ಇನ್ನೊಂದು ತುದಿಯ ಉಂಗುರದಲ್ಲಿ ಎರಡು ಹೈಡ್ರಾಕ್ಸಿಲ್‌ಗಳಿವೆ. ಐದನೆಯ ಸುರುಳಿಯಲ್ಲಿರುವ ಸೆರಿನ್ ಎಂಬ ಮೂರು ಅಮೈನೋ ಆಮ್ಲಗಳು, ಅಂದರೆ 203, 204 ಮತ್ತು 207ನೆಯ ಸ್ಥಾನದವು, ಅವುಗಳನ್ನು ಹೈಡ್ರೋಜನ್ ಬಂಧಗಳಿಂದ ಹಿಡಿಯುತ್ತವೆ. ಆ ಉಂಗುರ ನೀರನ್ನು ಒಲ್ಲದ ಅಮೈನೋ ಆಮ್ಲಗಳ ನಡುವೆ ಒತ್ತಿಕೊಂಡು ಕೂರುತ್ತದೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಬಲವಾದ ಹಿಡಿತವಲ್ಲ. ಎಲ್ಲವೂ ಒಂದೇ ಕ್ಷಣದಲ್ಲಿ, ಸರಿಯಾದ ದೂರದಲ್ಲಿ, ಸರಿಯಾದ ದಿಕ್ಕಿನಲ್ಲಿ ಕೂಡಿಬಂದಾಗ ಮಾತ್ರ ಅಣು ನಿಲ್ಲುತ್ತದೆ. ಅದಕ್ಕಾಗಿಯೇ ಒಂದೇ ಅಣುವಿನ ಎಡಗೈ ರೂಪ ಕೂರುವಲ್ಲಿ ಬಲಗೈ ರೂಪ ಸರಿಯಾಗಿ ಕೂರದು. ಹನಿಯಲ್ಲಿರುವ ಟಿಮೊಲಾಲ್ ಕೂಡ ಇಂತಹ ಎರಡು ರೂಪಗಳಲ್ಲಿ ಒಂದು ಮಾತ್ರ.

ಗೂಡನ್ನು ಹಿಡಿದವನೆಲ್ಲ ಸುದ್ದಿ ಮುಟ್ಟಿಸುವುದಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಅಡ್ರಿನಲಿನ್ ಅಥವಾ ಸಾಲ್ಬ್ಯುಟಮಾಲ್ ಕೂತಾಗ ಅದರ ಉಂಗುರದ ತುದಿ ಐದನೆಯ ಸುರುಳಿಯನ್ನು ಒಳಕ್ಕೆ ಸೆಳೆಯುತ್ತದೆ. ಗೂಡು ಕುಗ್ಗುವುದು ಒಂದೆರಡು ಆಂಗ್‌ಸ್ಟ್ರಾಂ ಮಾತ್ರ, ಮತ್ತು ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಆದರೆ ಮೇಲಿನ ಈ ಸಣ್ಣ ಸೆಳೆತ ಕೆಳಗೆ, ಕೋಶದ ಒಳಬದಿಯಲ್ಲಿ, ಆರನೆಯ ಸುರುಳಿಯ ತುದಿಯನ್ನು ಸುಮಾರು 14 ಆಂಗ್‌ಸ್ಟ್ರಾಂ ಹೊರಕ್ಕೆ ತಳ್ಳುತ್ತದೆ. ತೆರೆದುಕೊಂಡ ಸಂದಿಯೊಳಗೆ ಸುದ್ದಿಯನ್ನು ಮುಂದಕ್ಕೆ ಒಯ್ಯುವ ಜಿ-ಪ್ರೋಟೀನ್ ಬಂದು ಸೇರಿಕೊಂಡು, ಅದರ ಮೂಲಕ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಒಳಸಂಕೇತದ ಅಣು ಏರಿ, ಶ್ವಾಸನಾಳದ ಸ್ನಾಯು ಸಡಿಲವಾಗುತ್ತದೆ. ಟಿಮೊಲಾಲ್‌ನಲ್ಲಿಯೂ ಆ ಸಾರಜನಕವಿದೆ, ಆಸ್ಪಾರ್ಟಿಕ್ ಆಮ್ಲದ ಜೊತೆಗಿನ ಆ ಹಿಡಿತವೂ ಇದೆ. ಆದರೆ ಅದರ ಬೆನ್ನೆಲುಬು ಒಂದು ಗೇಣು ಉದ್ದ ಎನ್ನಬೇಕು. ನಡುವೆ ಹೆಚ್ಚುವರಿಯಾಗಿ ಒಂದು ಆಮ್ಲಜನಕ ಮತ್ತು ಒಂದು ಇಂಗಾಲ ಸೇರಿವೆ, ಉಂಗುರವೂ ಬೇರೆ. ಅದು ಗೂಡನ್ನು ತುಂಬುತ್ತದೆ, ಸುರುಳಿಯನ್ನು ಸೆಳೆಯುವುದಿಲ್ಲ. ಕೆಳಗಿನ ಬಾಗಿಲು ಮುಚ್ಚಿಯೇ ಇರುತ್ತದೆ.

ಇದನ್ನು ರಾಯರಿಗೆ ಎರಡನೆಯ ದಿನ ಆಸ್ಪತ್ರೆಯಲ್ಲಿ ವಿವರಿಸಿದಾಗ ಅವರು ತಮ್ಮ ಭಾಷೆಯಲ್ಲಿ ಅದನ್ನು ಹಿಡಿದರು: “ಅಂದ್ರೆ ಊಟದ ಹೊತ್ತಿಗೆ ಟೇಬಲ್ ಹಿಡ್ಕೊಂಡು, ಒಂದು ಚಾ ಸಹ ಹೇಳದೆ ಕೂತವರ ಹಾಗೆ.” ಹೌದು, ಮತ್ತು ಬಾಗಿಲಲ್ಲಿ ಹಸಿದು ನಿಂತವರ ಸಂಖ್ಯೆ ಹೆಚ್ಚಿದಷ್ಟೂ, ಅವನು ಎದ್ದ ಕ್ಷಣದಲ್ಲಿ ಊಟ ಮಾಡುವವನೊಬ್ಬ ಕೂರುವ ಸಾಧ್ಯತೆ ಹೆಚ್ಚು. ಪೈಪೋಟಿಯ ತಡೆ ಎನ್ನುವುದು ಇದನ್ನೇ. ಪಂಪ್ ಪೂರ್ತಿ ನಿಷ್ಫಲವಾಗಿರಲಿಲ್ಲ. ಅದೇ ಪರಿಣಾಮಕ್ಕೆ ಹಲವು ಪಟ್ಟು ಪ್ರಮಾಣ ಬೇಕಾಗಿತ್ತು.

ಒಂದು ಹನಿಯ ಲೆಕ್ಕ

ಕಣ್ಣಿಗೆ ಬಿಟ್ಟ ಒಂದು ಹನಿ ಇಷ್ಟು ಮಾಡೀತೇ ಎಂಬುದು ರಾಯರ ಮಗ ಕೇಳಿದ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. 0.5 ಪ್ರತಿಶತ ಎಂದರೆ ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ. ಹನಿಯೊಂದು ಸುಮಾರು 0.05 ಮಿಲಿಲೀಟರ್ ಎಂದು ಹಿಡಿದರೆ ಅದರಲ್ಲಿ ಕಾಲು ಮಿಲಿಗ್ರಾಂ ಮದ್ದಿದೆ. ಎರಡು ಕಣ್ಣು, ದಿನಕ್ಕೆ ಎರಡು ಹೊತ್ತು, ಒಟ್ಟು 1 ಮಿಲಿಗ್ರಾಂ. ಕಣ್ಣಿನ ಮೇಲೆ ಕಣ್ಣೀರು ನಿಲ್ಲುವ ಜಾಗ ಈ ಹನಿಯ ಒಂದು ಸಣ್ಣ ಪಾಲಿಗೆ ಮಾತ್ರ ಸಾಕಾಗುತ್ತದೆ. ಮಿಕ್ಕದ್ದರಲ್ಲಿ ಕೆಲವು ಕೆನ್ನೆಗೆ ಇಳಿದರೆ, ಬಹಳಷ್ಟು ಕಣ್ಣಿನ ಒಳಮೂಲೆಯ ನಾಳದ ಮೂಲಕ ಮೂಗಿಗೆ ಇಳಿದು, ಅಲ್ಲಿಯ ತೆಳು ಪೊರೆಯಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಗುಳಿಗೆ ಮೊದಲು ಯಕೃತ್ತನ್ನು ದಾಟಬೇಕು, ಅಲ್ಲಿ ಅದರ ಒಂದು ಭಾಗ ಕಳೆದುಹೋಗುತ್ತದೆ. ಮೂಗಿನ ದಾರಿಯಲ್ಲಿ ಆ ಸುಂಕದ ಕಟ್ಟೆ ಇಲ್ಲ.

ಈ ಪ್ರಮಾಣದ ಹನಿಯನ್ನು ದಿನಕ್ಕೆ ಎರಡು ಸಲ ಬಳಸಿದವರ ರಕ್ತದಲ್ಲಿ ಅಳೆದಾಗ ಮಿಲಿಲೀಟರಿಗೆ ಸುಮಾರು ಅರ್ಧ ನ್ಯಾನೊಗ್ರಾಂ ಟಿಮೊಲಾಲ್ ಸಿಕ್ಕಿದೆ. ತೂಕದಲ್ಲಿ ಇದು ಏನೂ ಅಲ್ಲವೆನಿಸುತ್ತದೆ. ಎಣಿಕೆಯಲ್ಲಿ ಅದು ಒಂದು ಮಿಲಿಲೀಟರಿಗೆ 90,000 ಕೋಟಿಗೂ ಹೆಚ್ಚು ಅಣುಗಳು, ರಸಾಯನಶಾಸ್ತ್ರದ ಅಳತೆಯಲ್ಲಿ ಸುಮಾರು 1.5 ನ್ಯಾನೊಮೋಲಾರ್. ಇನ್ನು ಗ್ರಾಹಕದ ಕಡೆಯಿಂದ ನೋಡಬೇಕು. ಯಾವ ಸಾಂದ್ರತೆಯಲ್ಲಿ ಗ್ರಾಹಕಗಳ ಅರ್ಧದಷ್ಟು ಗೂಡುಗಳು ತುಂಬುತ್ತವೆಯೋ ಅದೇ ಹಿಡಿತದ ಅಳತೆಗೋಲು. ಆ ಸಂಖ್ಯೆ ಸಣ್ಣದಾದಷ್ಟೂ ಹಿಡಿತ ಬಿಗಿ. ಬೀಟಾ-2ರ ಮೇಲೆ ಟಿಮೊಲಾಲ್‌ಗೆ ಇದು ಒಂದು ನ್ಯಾನೊಮೋಲಾರಿಗಿಂತ ಕಡಿಮೆ. ಹಾಗಾಗಿ ರಕ್ತದಲ್ಲಿ 1.5 ನ್ಯಾನೊಮೋಲಾರ್ ಇದ್ದರೆ ದೇಹದ ಬೀಟಾ-2 ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿರುತ್ತವೆ. ಸಾಲ್ಬ್ಯುಟಮಾಲ್‌ಗೆ ಅದೇ ಅಳತೆ ಒಂದು ಮೈಕ್ರೊಮೋಲಾರಿನ (ಸಾವಿರ ನ್ಯಾನೊಮೋಲಾರಿನ) ಆಸುಪಾಸು, ಅಂದರೆ ಅದರ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲ. ಅಲ್ಪ ಪ್ರಮಾಣ ಎಂಬ ಮಾತಿಗೆ ಹಿಡಿತದ ಬಿಗಿಯನ್ನು ಹೇಳದೆ ಯಾವ ಅರ್ಥವೂ ಇಲ್ಲ ಎಂದು ಈ ಲೆಕ್ಕ ಬರೆದ ಕಾಗದವನ್ನು ಆ ಹುಡುಗನ ಕೈಗೆ ಕೊಟ್ಟೆ.

ಹಾಗಾದರೆ ಆ ಹನಿ ಕಣ್ಣಿನಲ್ಲಿ ಮಾಡಬೇಕಾಗಿದ್ದದ್ದೇನು? ಕಣ್ಣಿನ ಒಳಗೆ ದ್ರವವನ್ನು ಸ್ರವಿಸುವ ಪದರದಲ್ಲಿಯೂ ಬೀಟಾ-2 ಗ್ರಾಹಕಗಳಿವೆ. ಅವುಗಳನ್ನು ತಡೆದರೆ ದ್ರವ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ, ಕಣ್ಣಿನ ನರ ಉಳಿಯುತ್ತದೆ. ಅಮೆರಿಕದಲ್ಲಿ 1978ರಲ್ಲಿ ಈ ಹನಿಗೆ ಅನುಮತಿ ಸಿಕ್ಕಿದಂದಿನಿಂದ ಅದು ಅಸಂಖ್ಯ ಜನರ ದೃಷ್ಟಿಯನ್ನು ಕಾಪಾಡಿದೆ. ಮದ್ದಿನ ಮೇಲೆ ನನಗೆ ದೂರಿಲ್ಲ. ಉಬ್ಬಸ ಇರುವವರಿಗೆ ಕೊಡಕೂಡದು ಎಂದು ಅದರ ಮಾಹಿತಿಪತ್ರದಲ್ಲಿಯೇ ಇದೆ. ಕಣ್ಣಿನ ಬೀಟಾ-2 ಮತ್ತು ಶ್ವಾಸನಾಳದ ಬೀಟಾ-2 ಒಂದೇ ಜೀನಿನಿಂದ ಹುಟ್ಟಿದ ಒಂದೇ ಪ್ರೋಟೀನ್. ತನ್ನನ್ನು ಎಲ್ಲಿ ಹಾಕಿದರು ಎಂಬುದು ಅಣುವಿಗೆ ಗೊತ್ತಿಲ್ಲ, ತಾನು ಯಾವ ಅಂಗದಲ್ಲಿದ್ದೇನೆ ಎಂಬುದು ಗೂಡಿಗೆ ಗೊತ್ತಿಲ್ಲ.

ಹೃದಯ ಏಕೆ ನಿಧಾನವಾಯಿತು

ಟಿಮೊಲಾಲ್ ಬೀಟಾ-1 ಮತ್ತು ಬೀಟಾ-2 ಎರಡನ್ನೂ ಹಿಡಿಯುತ್ತದೆ, 54ರ ನಾಡಿಗೆ ಕಾರಣ ಇದು. ಈ ಎರಡು ಗ್ರಾಹಕಗಳಲ್ಲಿ ಅಡ್ರಿನಲಿನನ್ನು ಮುಟ್ಟುವ ಗೂಡಿನ ಗೋಡೆಗಳು ಹೆಚ್ಚುಕಡಿಮೆ ಒಂದೇ ರೀತಿಯವು, ಹಾಗಿದ್ದೂ ಕೆಲವು ಅಣುಗಳು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುತ್ತವೆ. ಆಯ್ಕೆಯ ಗುಟ್ಟು ಗೂಡಿನ ತಳದಲ್ಲಿ ಇಲ್ಲ, ಹೊರಗಿನ ಪಡಸಾಲೆಯಲ್ಲಿದೆ. ಹೊರಬಾಯಿಯ ಅಮೈನೋ ಆಮ್ಲಗಳು ಎರಡರಲ್ಲಿ ಬೇರೆ ಬೇರೆ. ಸಾಲ್ಮೆಟೆರಾಲ್ ಎಂಬ ಉಬ್ಬಸದ ಮದ್ದು ತನ್ನ ಉದ್ದ ಬಾಲವನ್ನು ಆ ಪಡಸಾಲೆಗೆ ಚಾಚಿ ಬೀಟಾ-2ರ ಗೋಡೆಯನ್ನು ಹಿಡಿದುಕೊಳ್ಳುವುದರಿಂದಲೇ ಹೃದಯವನ್ನು ಬಹುಮಟ್ಟಿಗೆ ಬಿಟ್ಟು ಶ್ವಾಸನಾಳವನ್ನು ಆರಿಸುತ್ತದೆ. ಟಿಮೊಲಾಲ್‌ಗೆ ಅಂತಹ ಬಾಲವಿಲ್ಲ. ಬೆಟಾಕ್ಸೊಲಾಲ್ ಎಂಬ ಇನ್ನೊಂದು ಕಣ್ಣಿನ ಹನಿ ಬೀಟಾ-1ರ ಕಡೆಗೆ ವಾಲುತ್ತದೆ, ಶ್ವಾಸಕೋಶಕ್ಕೆ ಅದರಿಂದ ಅಪಾಯ ಕಡಿಮೆ. ಆದರೆ ವಾಲುವುದು ಬೇರೆ, ಪೂರ್ತಿ ಬಿಡುವುದು ಬೇರೆ, ಆದ್ದರಿಂದ ಉಬ್ಬಸದವರಿಗೆ ಅದನ್ನು ಸಲೀಸಾಗಿ ಕೊಡುವಂತಿಲ್ಲ.

ಇಪ್ರಟ್ರೋಪಿಯಂ ಗೆದ್ದದ್ದೂ ಇದೇ ನಿಯಮದಿಂದ. ಶ್ವಾಸನಾಳವನ್ನು ಬಿಗಿಯುವ ಆಜ್ಞೆ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್‌ನದ್ದು. ಶ್ವಾಸನಾಳದ ಸ್ನಾಯುವಿಗೆ ಅಡ್ರಿನಲಿನ್ ಬಗೆಯ ನರಗಳ ಆಸರೆ ತೀರಾ ಕಡಿಮೆ. ರಕ್ತದಲ್ಲಿ ಬರುವ ಅಡ್ರಿನಲಿನ್ನೇ ಅದಕ್ಕೆ ಸಡಿಲಿಸುವ ಸಂಕೇತ. ಆ ಸಂಕೇತ ಮುಚ್ಚಿಹೋದಾಗ ಬಿಗಿಯುವ ಕೈ ಮಾತ್ರ ಉಳಿಯಿತು. ಬಿಗಿಯುವ ಅಸಿಟೈಲ್‌ಕೋಲಿನ್ ಕೂರುವ ಎಂ-3 ಗ್ರಾಹಕವೂ ಏಳು ಸುರುಳಿಗಳದ್ದೇ, ಅದರ ಮೂರನೆಯ ಸುರುಳಿಯ ಅದೇ ಎಡೆಯಲ್ಲಿ ಅದೇ ಆಸ್ಪಾರ್ಟಿಕ್ ಆಮ್ಲ ಧನ ಆವೇಶಕ್ಕಾಗಿ ಕಾದಿದೆ. ಮೊದಲ ಹಿಡಿತ ಎರಡರಲ್ಲೂ ಒಂದೇ ಆಗಿದ್ದರೂ ಎಂ-3ರಲ್ಲಿ ಆ ಆವೇಶವನ್ನು ಟೈರೊಸಿನ್ ಎಂಬ ಅಮೈನೋ ಆಮ್ಲಗಳ ಪಂಜರವೊಂದು ಸುತ್ತುವರಿದು ಮುಚ್ಚಳದಂತೆ ಮುಚ್ಚುತ್ತದೆ; ಐದನೆಯ ಸುರುಳಿಯ ಸೆರಿನ್‌ಗಳ ಆ ಸಾಲು ಅಲ್ಲಿಲ್ಲ. ಆದ್ದರಿಂದ ಟಿಮೊಲಾಲ್ ಅಲ್ಲಿ ನಿಲ್ಲಲಾರದು, ಇಪ್ರಟ್ರೋಪಿಯಂ ಬೀಟಾ-2ರಲ್ಲಿ ನಿಲ್ಲಲಾರದು. ಒಂದು ಬಾಗಿಲಿಗೆ ಬಿದ್ದ ಅಗುಳಿ ಇನ್ನೊಂದನ್ನು ತಟ್ಟಲಿಲ್ಲ. ಹೈಡ್ರೊಕಾರ್ಟಿಸೋನ್ ದಾರಿ ಇನ್ನೂ ಬೇರೆ: ಅದು ಪೊರೆಯನ್ನೇ ದಾಟಿ ಕೋಶದ ಒಳಗಿನ ಗ್ರಾಹಕವನ್ನು ಹಿಡಿದು ಜೀನ್‌ಗಳ ಕೆಲಸವನ್ನು ಬದಲಿಸುತ್ತದೆ, ಹಾಗಾಗಿ ಅದರ ಫಲಕ್ಕೆ ಗಂಟೆಗಟ್ಟಲೆ ಕಾಯಬೇಕು.

ಹನಿ ನಿಲ್ಲಿಸಿದ ಮೂರನೆಯ ದಿನ ರಾಯರ ನಾಡಿ 76, ಒಂದು ವಾರದ ನಂತರ ಊದುಮಾಪಕ 410. ಕಣ್ಣಿನ ವೈದ್ಯರಿಗೆ ಅದೇ ರಾತ್ರಿ ಫೋನಿನಲ್ಲಿ ತಿಳಿಸಿದ್ದೆ. ಅವರು ಎರಡೇ ದಿನದಲ್ಲಿ ಹನಿಯನ್ನು ಲ್ಯಾಟನೊಪ್ರಾಸ್ಟ್‌ಗೆ ಬದಲಿಸಿದರು. ಅದು ಕೂರುವುದು ಪ್ರೊಸ್ಟಾಗ್ಲಾಂಡಿನ್‌ನ ಒಂದು ಗ್ರಾಹಕದಲ್ಲಿ, ಮತ್ತು ಅದು ದ್ರವದ ಉತ್ಪತ್ತಿಯನ್ನು ತಗ್ಗಿಸುವ ಬದಲು ಹೊರಹರಿವನ್ನು ಹೆಚ್ಚಿಸುತ್ತದೆ. ರಾತ್ರಿ ಒಂದೇ ಹನಿ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯುವುದನ್ನು ಅವರ ಹೆಂಡತಿಗೆ ತೋರಿಸಿಕೊಟ್ಟೆ. ಮೂಗಿಗೆ ಇಳಿಯುವ ಪಾಲು ಇದರಿಂದ ಗಣನೀಯವಾಗಿ ತಗ್ಗುತ್ತದೆ. ಮೊದಲ ಭೇಟಿಯಲ್ಲಿ ನಾಡಿಯನ್ನು ಎಣಿಸಿ ಬರೆದಿದ್ದರೆ, ಹೊಸ ಮದ್ದು ಎನ್ನುವ ಬದಲು ಹನಿ ಎಂಬ ಪದವನ್ನೇ ಹಾಕಿ ಕೇಳಿದ್ದರೆ, ಆ ನಾಲ್ಕು ದಿನಗಳ ಸಂಕಟ ತಪ್ಪುತ್ತಿತ್ತು. ಈಗ ನನ್ನ ನೋಂದಣಿ ಹಾಳೆಯಲ್ಲಿ ಕಣ್ಣು, ಕಿವಿ, ಮೂಗು, ಚರ್ಮ ಎಂದು ನಾಲ್ಕು ಸಾಲುಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚಾಗಿವೆ.

ಮಾರ್ಚ್ ತಿಂಗಳಲ್ಲಿ, ಯುಗಾದಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದ ಘಾಟಿಗೆ ರಾಯರಿಗೆ ಎದೆ ಬಿಗಿಯಿತಂತೆ. ನೀಲಿ ಪಂಪನ್ನು ಎರಡು ಸಲ ಎಳೆದುಕೊಂಡರು. ಸಂಜೆ ಅವರ ಹೆಂಡತಿಯ ಫೋನ್ ಬಂದಿತು: “ಹತ್ತು ನಿಮಿಷದಲ್ಲಿ ಉಸಿರು ಸರಿಯಾಯ್ತು ಡಾಕ್ಟ್ರೇ. ಕೈ ಮೊದಲಿನ ಹಾಗೆ ನಡುಗ್ತಿದೆ, ಗಲ್ಲಾದಲ್ಲಿ ಈಗ ನಾನು ಕೂತಿದ್ದೇನೆ.”